ಹಿಂದಿನ ಸೀಟಿನ ಬಿಸಿ

"ಎಂಜಿನ್ ಬಿಸಿ ಎಷ್ಟು ಬರುತ್ತೆ? ಅದೊಂದು ನಿಜ ಹೇಳಿಬಿಡಿ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."

ಡೆಲ್ಫಿನಾ ಆ ದೊಡ್ಡ ಕಪ್ಪು ಬೈಕಿನ ಮೇಲೆ ಕುಳಿತೇ ಕೇಳಿದಳು. ಅರಿಜೋನಾ ಮರುಭೂಮಿಯ ಟೂಸಾನ್ ಊರಿನಲ್ಲಿ ಅದು ಜೂನ್ ತಿಂಗಳ ಮಧ್ಯಾಹ್ನ. ಗಾಜಿನ ಆಚೆ ರಸ್ತೆ ಬಾಣಲೆಯಂತೆ ಕಾದಿತ್ತು.

ಬೈಕ್ ಅಂಗಡಿಯ ಲೈಲ್ ಹಲ್ಲು ಕಿರಿದ. "ದೂರ ಪ್ರಯಾಣಕ್ಕೆ ಅಂತಲೇ ಮಾಡಿರೋ ಬೈಕು ಮೇಡಮ್! ಓಡ್ತಾ ಇದ್ರೆ ಗಾಳಿ ಬಡಿಯುತ್ತೆ, ಬಿಸಿ ಗೊತ್ತೇ ಆಗಲ್ಲ."

"ಸುಳ್ಳು ಹೇಳ್ಬೇಡ ಲೈಲ್. ಸಿಗ್ನಲ್‌ನಲ್ಲಿ ನಿಂತ್ರೆ ತೊಡೆ ಬೆಂದುಹೋಗುತ್ತೆ. ಹಿಂದೆ ಕೂತೋರ ಪಾಡಂತೂ ಕೇಳೋದೇ ಬೇಡ."

ಬೆನ್ನ ಹಿಂದಿನಿಂದ ಬಂದ ಧ್ವನಿ!

ಡೆಲ್ಫಿನಾಳ ಕೈ ಹ್ಯಾಂಡಲ್ ಮೇಲೆ ಬಿಗಿಯಿತು. ತಿರುಗಿ ನೋಡುವ ಅಗತ್ಯವಿರಲಿಲ್ಲ. ಅವನೇ... ರೋಕೆ. ಏಳು ವರ್ಷಗಳ ಹಿಂದಿನವರೆಗೆ ಅವಳ ಗಂಡನಾಗಿದ್ದವನು.

"ನನ್ನ ವ್ಯಾಪಾರ ಕೆಡಿಸೋಕೆ ಬಂದ್ಯಾ ಮಾರಾಯ? ಆಯಿಲ್ ಡಬ್ಬ ತಗೊಂಡು ಹೊರಡು!" ಲೈಲ್ ಗದರಿದ.

ರೋಕೆ ಹೊರಡಲಿಲ್ಲ. ಗಡ್ಡ ಅರ್ಧ ನೆರೆತಿತ್ತು.

"ಹೇಗಿದ್ದೀಯ ಫಿನಾ?"

"ಚೆನ್ನಾಗಿದ್ದೀನಿ." ಅವಳ ಮಾತು ಚುಚ್ಚುವಂತಿತ್ತು. "ಹಿಂದೆ ಕೂತೋರ ಪಾಡು ನಿನಗೆ ಯಾವಾಗಿಂದ ಗೊತ್ತಾಯ್ತು? ನಾನು ಬಾಯಿ ಬಡ್ಕೊಂಡಾಗ ಗೊತ್ತಾಗ್ಲಿಲ್ಲವಲ್ಲ!"

ಅವನು ತಲೆ ತಗ್ಗಿಸಿದ.

ಮದುವೆಯಲ್ಲಿದ್ದಷ್ಟೂ ಕಾಲ ಅವಳು ಅವನ ಹಿಂದೆ ಕುಳಿತು ಅರಿಜೋನಾವನ್ನೆಲ್ಲ ಸುತ್ತಿದ್ದಳು. "ರೋಕೆ, ಕಾಲು ಸುಡ್ತಿದೆ" ಎಂದಾಗಲೆಲ್ಲ ಅವನು ನಗುತ್ತಿದ್ದ. "ದೊಡ್ಡ ಬೈಕು ಅಂದ್ರೆ ಬಿಸಿ ಇರುತ್ತಪ್ಪಾ! ಸ್ವಲ್ಪ ತಡ್ಕೋ."

ತಡೆದುಕೊಂಡಳು. ಗಿಲಾ ಬೆಂಡ್ ಊರಿನ ಹತ್ತಿರದ ಪೆಟ್ರೋಲ್ ಬಂಕ್ ಬರುವವರೆಗೂ...

ಅಂದು ಬೈಕಿನಿಂದ ಇಳಿದವಳು ಗೋಡೆಯ ನೆರಳಿನಲ್ಲಿ ಕುಸಿದು ಕುಳಿತಿದ್ದಳು. ಬೈಕುಗಳಲ್ಲಿ ಮುಂದೆ ಹೋದ ಅವನ ಗೆಳೆಯರು ಕಾಯುತ್ತಿದ್ದರು. "ಬರ್ತೀಯಾ, ಇಲ್ವಾ?" ಎಂದ ರೋಕೆ. ಅವಳ ನಾಲಿಗೆ ಹೊರಳಲಿಲ್ಲ. ಅವನಿಗೆ ಅದು ಹಟವಾಗಿ ಕಂಡಿತು. "ನಾಟಕ ಸಾಕು!" ಎಂದವನೇ ಹೊರಟೇಬಿಟ್ಟ.

ಒಬ್ಬಳು ಲಾರಿ ಚಾಲಕಿ ಅವಳನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದಳು. ಡೆಲ್ಫಿನಾ ಮತ್ತೆ ಆ ಮನೆಗೆ ಕಾಲಿಡಲಿಲ್ಲ.

ಈಗ ಅವಳು ತಾನೊಂದು ಹೆಲ್ಮೆಟ್ ಹಾಕಿಕೊಂಡು, ಇನ್ನೊಂದನ್ನು ಅವನ ಎದೆಗೆ ಒತ್ತಿದಳು.

"ಹತ್ತು. ಹಿಂದೆ ಕೂತ್ಕೋ. ಓಡಿಸಿ ನೋಡೋಕೆ ಹೋಗ್ತಿದ್ದೀನಿ. ಬಿಸಿ ಹೇಗಿದೆ ಅಂತ ನೀನೇ ಹೇಳು!"

ಲೈಲ್ ಬಾಯಿ ತೆರೆದು ನಿಂತ. ರೋಕೆ ಆಯಿಲ್ ಡಬ್ಬ ಕೆಳಗಿಟ್ಟು ಹತ್ತಿದ.

ಹೆದ್ದಾರಿಯಲ್ಲಿ ಬೈಕು ತೇಲುವಂತೆ ಓಡಿತು. ಬಿಸಿಯ ಸುಳಿವೇ ಇಲ್ಲ! ಊರೊಳಗೆ ತಿರುಗಿದ ಮೇಲೆ ರೈಲ್ವೆ ಗೇಟು ಬಿತ್ತು. ಸರಕು ರೈಲು ಕೊನೆಯಿಲ್ಲದಂತೆ ಸಾಗತೊಡಗಿತು. ಮುಂದೆ ಲಾರಿ, ಹಿಂದೆ ಕಾರುಗಳ ಸಾಲು. ಎಂಜಿನ್ ನಿಂತಲ್ಲೇ ಗುಡುಗುಡು ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಒಲೆಯ ಬಾಯಿ ತೆರೆದಂತೆ ಬಿಸಿ ಮೇಲೆದ್ದಿತು.

"ಹಿಂದಿನವರಿಗೆ ಹೇಗಿದೆ?" ತಿರುಗದೆಯೇ ಕೇಳಿದಳು.

"ಸುಡ್ತಿದೆ."

"ದೊಡ್ಡ ಬೈಕು ಅಂದ್ರೆ ಬಿಸಿ ಇರುತ್ತಪ್ಪಾ."

ಅವನು ನಗಲಿಲ್ಲ. "ಹೋದ ವರ್ಷ ನನ್ನ ಕೈ ಮುರಿದಿತ್ತು ಫಿನಾ. ಗೆಳೆಯನ ಹಿಂದೆ ಕೂತು ಯೂಮಾಕ್ಕೆ ಹೋದೆ. ನನ್ನದೇ ಬೈಕು, ಅದೇ ಸೀಟು. ಇಳಿದಾಗ ಮೀನಖಂಡದಲ್ಲಿ ಬೊಬ್ಬೆ ಎದ್ದಿತ್ತು. ಅಲ್ಲೇ ರಸ್ತೆ ಬದಿ ಕೂತು ಅತ್ತುಬಿಟ್ಟೆ... ನೋವಿಗಲ್ಲ."

ಅವಳು ತನಗೇ ಹೇಳಿಕೊಂಡಳು: 'ಬೇಡ. ಕರಗಬಾರದು.'

"ಅತ್ತುಬಿಟ್ಟೆಯಂತೆ! ಅವತ್ತು ನನ್ನನ್ನ ಸಾಯೋಕೆ ಬಿಟ್ಟು ಹೋದೆಯಲ್ಲ. ತಿರುಗಿ ನೋಡ್ಲೂ ಇಲ್ಲ!"

"ತಿರುಗಿ ಬಂದೆ!"

"ಏನು?"

"ಮುಂದಿನ ಊರಿನಿಂದಲೇ ವಾಪಸ್ ಬಂದೆ ಫಿನಾ. ನೀನಿರಲಿಲ್ಲ. ಲಾರಿ ಹತ್ತಿ ಹೋದ್ಲು ಅಂತ ಬಂಕ್‌ನಲ್ಲಿ ಯಾರೋ ಅಂದ್ರು. ನೀನೇ ನನ್ನನ್ನ ಬಿಟ್ಟು ಹೋದೆ ಅಂದ್ಕೊಂಡೆ. ಅವಳೇ ಕರೆ ಮಾಡ್ಲಿ ಅಂತ ಹಟ ಹಿಡಿದೆ... ಸಾಯೋಕೆ ಅಂದ್ಯಲ್ಲ, ಏನಾಗಿತ್ತು?"

"ಆಸ್ಪತ್ರೆಗೆ ಸೇರಿಸಿದ್ರು. ಪ್ರಜ್ಞೆ ಇರಲಿಲ್ಲ ನಂಗೆ."

ರೈಲಿನ ಡಬ್ಬಿಗಳು ಒಂದರ ಹಿಂದೊಂದು ಕಣ್ಣೆದುರು ಸರಿದುಹೋದವು. ಡೆಲ್ಫಿನಾ ಅವುಗಳನ್ನೇ ನೋಡುತ್ತಿದ್ದಳು. ಹಿಂತಿರುಗಿ ಬಂದವನ ಮೇಲೆ ಇಷ್ಟು ವರ್ಷ ದ್ವೇಷ ಸಾಕಿದ್ದಳೇ? ತನ್ನ ಅಕ್ಕನಿಂದಲೂ ಆಣೆ ಹಾಕಿಸಿಕೊಂಡಿದ್ದಳು, ಆಸ್ಪತ್ರೆಯ ವಿಷಯ ಅವನಿಗೆ ಹೇಳಬಾರದೆಂದು. ವಿಚ್ಛೇದನದ ವಕೀಲರ ಮೂಲಕ ಬಿಟ್ಟರೆ ಅವನೊಂದಿಗೆ ಮಾತೇ ಆಡಿರಲಿಲ್ಲ.

"ಯಾಕೆ ಹೇಳ್ಲಿಲ್ಲ ಫಿನಾ?"

"ನೀನು ಕೇಳ್ಲಿಲ್ಲ!" ಅವಳ ಧ್ವನಿ ಒಡೆಯಿತು. "ನಿಮ್ಮಮ್ಮ ಹೋದಾಗ ಚರ್ಚಿನವರೆಗೂ ಬಂದಿದ್ದೆ ಕಣೋ. ಕಾರಿನಿಂದ ಇಳಿಯೋಕಾಗ್ಲಿಲ್ಲ. ನನಗೆ ತಾಯಿ ಥರ ಇದ್ದೋರು... ಮುಖ ಕೂಡ ನೋಡ್ಲಿಲ್ಲ ನಾನು."

"ಕಾರು ನೋಡಿದೆ. ನಾನೇ ಹತ್ತಿರ ಬರಬೇಕಿತ್ತು. ಅಮ್ಮ ಕೊನೆವರೆಗೂ ನಿನ್ನನ್ನೇ ಕೇಳ್ತಿದ್ಲು. 'ಅವಳನ್ನ ಎಲ್ಲಿ ಬಿಟ್ಟು ಬಂದ್ಯೋ' ಅಂತ."

ಡೆಲ್ಫಿನಾಳ ಕಣ್ಣೀರು ಹೆಲ್ಮೆಟ್ಟಿನೊಳಗೇ ಇಳಿಯಿತು. ಒರೆಸಿಕೊಳ್ಳಲೂ ಆಗದು. ಆ ಮುದುಕಿ ಇನ್ನು ಬರುವುದಿಲ್ಲ. ಕಳೆದ ಆ ವರ್ಷಗಳೂ ಬರುವುದಿಲ್ಲ.

"ಫಿನಾ..." ಅವನು ಮೆಲ್ಲನೆ ಕೇಳಿದ. "ನಿನಗೆ ಸುಡ್ತಿದೆಯಾ?"

ಇಷ್ಟು ವರ್ಷಗಳಲ್ಲಿ ಅವನು ಈ ಪ್ರಶ್ನೆ ಕೇಳಿದ್ದು ಇದೇ ಮೊದಲು.

"ಸುಡ್ತಿದೆ ರೋಕೆ. ತುಂಬಾ..."

"ಎಂಜಿನ್ ಆರಿಸು. ಇಳಿ. ನೆರಳಿಗೆ ಹೋಗೋಣ."

"ಹಿಂದೆ ಕಾರುಗಳಿವೆ. ಬೈತಾರೆ."

"ಬೈಯ್ಲಿ!"

ಅವಳು ಕೀಲಿ ತಿರುಗಿಸಿದಳು. ಇಬ್ಬರೂ ಸೇರಿ ಭಾರದ ಬೈಕನ್ನು ಬದಿಗೆ ತಳ್ಳಿ, ಗೋದಾಮಿನ ಗೋಡೆಯ ನೆರಳಿಗೆ ಬಂದರು. ರೋಕೆ ಪಕ್ಕದ ಅಂಗಡಿಗೆ ಓಡಿ ತಣ್ಣನೆಯ ನೀರು ತಂದು, ಮುಚ್ಚಳ ತೆಗೆದು ಅವಳ ಕೈಗಿಟ್ಟ.

"ಕ್ಷಮಿಸು ಅನ್ನೋಕೂ ಮುಖ ಇಲ್ಲ ನಂಗೆ," ಎಂದ. "ಆದ್ರೆ ನಿನ್ನ ಮೇಲಿನ ಪ್ರೀತಿ ಒಂದು ದಿನವೂ ಕಮ್ಮಿ ಆಗ್ಲಿಲ್ಲ."

ಅವಳು ಅರ್ಧ ಬಾಟಲಿ ನೀರು ಕುಡಿದಳು. ರೈಲು ದಾಟಿತ್ತು. ಗೇಟು ಎದ್ದು, ಕಾರುಗಳು ಒಂದೊಂದಾಗಿ ಹೊರಟಿದ್ದವು.

"ಈ ಬೈಕು ನಂಗೆ ಬೇಡ," ಎಂದಳು ಕೊನೆಗೆ. "ಇಷ್ಟು ಸುಡದೇ ಇರೋದು ಬೇರೆ ಇದೆಯಾ?"

"ಇದೆ. ಹುಡುಕೋಣ."

"ಹುಡುಕೋಣ ಅಂದ್ರೆ? ಇಬ್ರೂನಾ?"

ನಿರ್ಧಾರವನ್ನು ಮೊದಲ ಸಲ ಅವಳಿಗೇ ಬಿಟ್ಟು, ಅವನು ಅವಳ ಮುಖ ನೋಡಿದ.

"ನೀನು ಹೂಂ ಅಂದ್ರೆ."

ಡೆಲ್ಫಿನಾ ಬಾಟಲಿಯನ್ನು ಅವನತ್ತ ಚಾಚಿದಳು. "ಹೂಂ... ಮೊದ್ಲು ನೀರು ಕುಡಿ."