ಹುಳದ ಮನೆಯ ಬಾಗಿಲು

ಆ ಗಂಡಸಿನ ತೊಡೆಯ ಮೇಲೆ ತನ್ನ ಮಗ ಕುಳಿತಿರುವುದನ್ನು ಕಂಡು ಚನ್ನಾಜಮ್ಮ ದಡಬಡಿಸಿ ಅತ್ತ ಧಾವಿಸಿದಳು.

ಕೊಳ್ಳೇಗಾಲದ ಆಸ್ಪತ್ರೆಗೆ ಮೈಸೂರಿನಿಂದ ಮಕ್ಕಳ ಡಾಕ್ಟರಮ್ಮ ಬರುವ ದಿನ ಅದು. ತವರೂರು ಅಜ್ಜೀಪುರದಿಂದ ಮೊದಲನೇ ಬಸ್ಸು ಹಿಡಿದು, ಅವಳಿ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ಮಗಳು ನೀಲಾಳಿಗೆ ನೀರು ಕುಡಿಸಿ ತಿರುಗುವಷ್ಟರಲ್ಲಿ ಮಗ ಮಾದೇಶ ಬೆಂಚಿನ ತುದಿಗೆ ಹೋಗಿ, ಯಾರದೋ ತೊಡೆ ಹತ್ತಿ, ಅಂಗಿಯ ಗುಂಡಿ ತಿರುಗಿಸುತ್ತ ಕುಳಿತಿದ್ದ. ಆ ಮನುಷ್ಯನೋ ಅಲುಗಾಡುತ್ತಲೇ ಇಲ್ಲ. ಅಲುಗಿದರೆ ಮಗು ಇಳಿದು ಹೋದೀತೆಂಬ ಭಯ ಅವನಿಗೆ.

ಷಡಕ್ಷರಿ... ಅವಳ ಗಂಡ.

“ಇವ್ನು ನಮ್ಮವ್ನಾ?” ಎಂದು ಅವನು ಮೆಲ್ಲಗೆ ಕೇಳಿದ.

“ಒತ್ತು ಎತ್ತವ್ಳು ನಾನು. ನಮ್ಮವ್ನು ಅನ್ನೋಕೆ ನಿಮ್ಗೆ ಈಗ ನೆಪ್ಪಾಯ್ತಾ?”

“ಅಜ್ಜೀಪುರದ ಚಿಕ್ಕಮಾದಪ್ಪ ಯೋಳ್ದ... ಇವತ್ತು ನೀನ್ ಇಲ್ಲಿಗ್ ಬತ್ತೀಯ ಅಂತ.”

ಚನ್ನಾಜಮ್ಮ ಮುಖ ತಿರುಗಿಸಿದಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳನ್ನು ಬಾಣಂತನ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದೊಯ್ಯಬೇಕು. ಗಂಡನೂರು ಧನಗೆರೆಯಿಂದ ಯಾರೂ ಬರಲಿಲ್ಲ. ವರ್ಷಗಳೇ ಕಳೆದರೂ ಯಾಕೆ ಬರಲಿಲ್ಲವೆಂದು ಅವಳು ಕೇಳಲೂ ಇಲ್ಲ. ಕೇಳುವ ಮುಖ ತನಗೆಲ್ಲಿದೆ ಎಂದುಕೊಂಡಿದ್ದಳು.

ಬಸುರಿ ಹೆಂಗಸು ರೇಷ್ಮೆ ಹುಳದ ಮನೆಗೆ ಕಾಲಿಡಬಾರದು ಎಂಬುದು ಆ ಮನೆಯ ಕಟ್ಟು. ಐದು ತಿಂಗಳ ಬಸುರಿಯಾಗಿದ್ದಾಗ ಅವಳು ಕಾಲಿಟ್ಟಿದ್ದಳು. ಗಾಳಿಗೆ ಕಿಟಕಿಯ ಗೋಣಿ ಕಿತ್ತು ಹುಳದ ಮೇಲೆ ಬಿಸಿಲು ಬೀಳುತ್ತಿತ್ತು. ಹೋಗಿ ಕಟ್ಟಿ ಬಂದಳು, ಅಷ್ಟೆ. ಮಾರನೇ ಬೆಳಗ್ಗೆ, ಇನ್ನೇನು ಗೂಡು ಕಟ್ಟಬೇಕಿದ್ದ ಹುಳಗಳೆಲ್ಲ ಬಾಯಿಂದ ನೀರು ಕಕ್ಕಿ ತಟ್ಟೆಗಳಲ್ಲೇ ಸತ್ತು ಬಿದ್ದಿದ್ದವು.

“ಅಷ್ಟು ಜೀವ ತಿಂದ್ಕಂಡವ್ಳೆ. ಆ ಶಾಪ ಒಟ್ಟೇಲಿರೋದ್ಕೆ ತಟ್ದೆ ಬುಟ್ಟದಾ?” ಎಂದು ಮಾವ ಕೆಂಪನಂಜಪ್ಪ ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ್ದ. ಷಡಕ್ಷರಿ ಕಂಬಕ್ಕೊರಗಿ ತಲೆ ತಗ್ಗಿಸಿ ನಿಂತಿದ್ದ. ಒಂದು ಮಾತೂ ಆಡಲಿಲ್ಲ.

ಅಂದಿನಿಂದ ಹೆರಿಗೆಯವರೆಗೂ ಅವಳು ನೆಟ್ಟಗೆ ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಸತ್ತ ಹುಳ... ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತಿದ್ದೇ ಅತ್ತಿದ್ದು.

ಈಗ ಮಗನಿಗೆ ನಾಲ್ಕನೇ ವರ್ಷ. ಇನ್ನೂ ‘ಅವ್ವ’ ಎಂದಿಲ್ಲ.

ಡಾಕ್ಟರಮ್ಮ ಮಾದೇಶನನ್ನು ಬಹಳ ಹೊತ್ತು ಆಡಿಸಿ ನೋಡಿದರು. ಷಡಕ್ಷರಿ ಬಾಗಿಲ ಬಳಿಯೇ ನಿಂತ.

“ಕಿವಿ ಚೆನ್ನಾಗಿದೆ. ಮಾತು ತಡ. ಕೂತು ಕಲಿಸಿದ್ರೆ ನಿಧಾನವಾಗಿ ಕಲೀತಾನೆ. ಬಸುರಿಯಾಗಿದ್ದಾಗ ಹೇಗಿದ್ರಿ ನೀವು?”

ಚನ್ನಾಜಮ್ಮ ಮಗನನ್ನು ಮಡಿಲಿಗೆ ಎಳೆದುಕೊಂಡಳು. “ಅಳ್ತಿದ್ದೆ ಕಣ್ರವ್ವ... ದಿನಾಲೂ. ಒಂದೇ ಒಟ್ಟೇಲಿ ಇಬ್ರೂ ಇದ್ರು. ಇವ್ಳು ಅರಳು ಉರ್ದಂಗೆ ಮಾತಾಡ್ತಾಳೆ. ಇವ್ನೊಬ್ಬುನ್ಗೇ ಶಾಪ ಯಾಕೆ ತಟ್ತು?”

ಅಷ್ಟರಲ್ಲಿ ಹೊರಗೆ ಯಾರೋ ಬಾಗಿಲು ದಡಾರೆಂದು ಹಾಕಿದರು. ನೀಲಾ ಕಿಟಾರನೆ ಕಿರುಚಿ ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿದಳು. ಬಿಡಿಸಲು ಹೋದರೂ ಸೆರಗು ಬಿಡಲಿಲ್ಲ.

“ಯಾವಾಗ್ಲೂ ಹೀಗೇನಾ?”

“ಊಂ... ನಿದ್ದೇಲೂ ಬೆಚ್ಚಿ ಏಳ್ತಾಳೆ.”

“ಹಾಗಾದ್ರೆ ಇವಳನ್ನೂ ನೋಡ್ಬೇಕಲ್ಲಮ್ಮ. ತಾಯಿಯ ದುಃಖ, ಹೆದರಿಕೆ ಒಳಗಿರೋ ಮಗುವಿನ ಮಿದುಳಿಗೂ ಮುಟ್ಟುತ್ತೆ ಅಂತ ಈಗೀಗ ಕೆಲವರು ಹೇಳ್ತಾರೆ. ಗಂಡುಮಕ್ಕಳು ಮಾತಲ್ಲಿ, ಕಲಿಯೋದ್ರಲ್ಲಿ ಹಿಂದೆ ಬೀಳಬಹುದು. ಹೆಣ್ಣುಮಕ್ಕಳು ಮೇಲೆ ಚೆನ್ನಾಗೇ ಕಾಣ್ತಾರೆ, ಒಳಗೆ ಭಯ ಕೂತಿರಬಹುದು. ನಿಮ್ಮ ಮಕ್ಕಳಿಗೂ ಅದೇ ಕಾರಣ ಅಂತ ಖಂಡಿತ ಹೇಳೋಕಾಗಲ್ಲ. ಆದ್ರೆ ಇದು ಶಾಪ ಅಲ್ಲ. ನಿಮ್ಮ ತಪ್ಪೂ ಅಲ್ಲ.” ನೀಲಾಳ ಬೆನ್ನು ಸವರುತ್ತ ಕೇಳಿದರು: “ಅಷ್ಟು ಅಳೋ ಹಾಗೆ ಯಾರು ಮಾಡಿದ್ರು?”

ಬಾಗಿಲ ಬಳಿ ನಿಂತವನ ತಲೆ ಇನ್ನಷ್ಟು ಬಗ್ಗಿತು.

ಹೊರಗೆ ಹುಣಸೆ ಮರದ ನೆರಳಿಗೆ ಬಂದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಮಗನ ಚಿಂತೆಯಲ್ಲಿ ಮಗಳ ಭಯವನ್ನು ತಾನು ಕಂಡೂ ಕಾಣದಂತಿದ್ದೆನಲ್ಲ...

“ಕೇಳುದ್ರಲ್ಲ? ನಾನ್ ಅತ್ತಿದ್ದೇ ಮಕ್ಳಿಗೆ ತಟ್ಟಿರೋದು. ಇಬ್ರೂ ಕೆಟ್ಟಿದ್ದು ನನ್ನಿಂದ್ಲೇ.”

“ನಿನ್ನಿಂದ ಅಲ್ಲ ಕಣ ಚನ್ನಾಜಿ.” ಷಡಕ್ಷರಿ ಅವಳೆದುರಿಗೆ ಬಂದು ನಿಂತ. “ಉಳ ಕೊಂದವ್ನು ನಾನು.”

ಅವಳು ತಲೆಯೆತ್ತಿದಳು.

“ಅವತ್ತು ಉಳಕ್ಕೆ ಸೊಪ್ಪು ತುಂಬಾಕೆ ಚೀಲ ಸಾಲ್ನಿಲ್ಲ. ಅಂಗಡಿ ಸದಾಶಿವಪ್ಪನ ತಾವು ಒಂದ್ ಚೀಲ ಇಸ್ಕಂಡು ಅದ್ರಲ್ಲೇ ತುಂಬ್ಕಂಡ್ ಬಂದೆ. ಉಳ ಸತ್ ಮೇಲೆ ಮೂಸ್ ನೋಡ್ತೀನಿ... ಒಗೆಸೊಪ್ಪಿನ್ ಚೀಲ. ಯಾರ್ಗೂ ಕಾಣ್ದಂಗೆ ತಿಪ್ಪೇಲಿ ಊತಾಕ್ಬುಟ್ಟೆ.”

ಹೊಗೆಸೊಪ್ಪು ಸೋಕಿದ ಎಲೆ ತಿಂದರೆ ರೇಷ್ಮೆ ಹುಳ ಉಳಿಯುವುದಿಲ್ಲ. ಹುಳ ಸಾಕುವವರ ಮನೆಯ ಮಗುವಿಗೂ ಅದು ಗೊತ್ತು.

“ಅಪ್ಪ ನಿನ್ ಬೈವಾಗ ಬಾಯಿ ಬರ್ನಿಲ್ಲ. ಇವತ್ತು ಯೋಳ್ತೀನಿ, ನಾಳೆ ಯೋಳ್ತೀನಿ ಅಂತ... ಆಮೇಲೆ ನಿನ್ ಮುಂದೆ ಬಂದು ನಿಲ್ಲಾಕೂ ನಾಚ್ಕೆ ಆಯ್ತು.”

ಚನ್ನಾಜಮ್ಮನಿಗೆ ಕೋಪವೋ ಸಂಕಟವೋ ತಿಳಿಯಲಿಲ್ಲ. ಇವನು ಅಂದು ಬಾಯಿ ಬಿಟ್ಟಿದ್ದರೆ ನನ್ನ ಮಗನಿಗೆ ಇಂದು ಮಾತು ಬಂದಿರುತ್ತಿತ್ತೇನೋ... ಆದರೂ ಈ ಮನುಷ್ಯನಿಗಾಗಿ ಎಷ್ಟು ಸಂಜೆ ಬಾಗಿಲು ಕಾದಿದ್ದಳು ಅವಳು.

“ತಪ್ಪಾಯ್ತು ಅಂತ ಕೇಳಾಕೂ ನಂಗೆ...”

“ಕೇಳ್ಬೇಡಿ. ಮಾವ ನಿಂತ್ಕಂಡು ಕೂಗಿದ್ರಲ್ಲ, ಆ ಜಗಲಿ ಮೇಲೇ ನಿಂತ್ಕಂಡು ಇದ್ನೇ ಯೋಳಿ. ಬೀದಿ ಕೇಳ್ಲಿ. ಆಮೇಕೆ ನೋಡನ.”

ಷಡಕ್ಷರಿ ಮಗನನ್ನು ಹೆಗಲಿಗೇರಿಸಿಕೊಂಡ. “ನಡಿ,” ಎಂದ.

ಅಂದು ಸಂಜೆ ಧನಗೆರೆಯ ಜಗಲಿಯ ಮೇಲೆ ನಿಂತು ಅವನು ಎಲ್ಲವನ್ನೂ ಹೇಳಿದ. ದನಿ ತಗ್ಗಿಸಲಿಲ್ಲ. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ಕೇಳಿದರು. ಕೆಂಪನಂಜಪ್ಪ ಅಲ್ಲೇ ಕುಸಿದು ಕುಳಿತು ಟವೆಲಿನಿಂದ ಮುಖ ಮುಚ್ಚಿಕೊಂಡ.

“ನಾನೂ ಅಂಗೆ ಕೂಗ್ಬಾರ್ದಾಗಿತ್ತು,” ಎಂದ ಸೊಸೆಯತ್ತ ತಿರುಗಿ. “ಮಕ್ಕಳ ಕರ್ಕಂಡು ಒಳಕ್ ಬಾ ಮಗ.”

ಹಿತ್ತಲ ಹುಳದ ಮನೆಯಲ್ಲಿ ಹೊಸ ಹುಳಗಳ ಬೆಳೆ ಇತ್ತು. ಹುಳ ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಹನಿದಂತೆ ಕೇಳುತ್ತಿತ್ತು. ಮಾದೇಶ ಕಣ್ಣರಳಿಸಿ ಆಲಿಸುತ್ತ ನಿಂತ. ನೀಲಾ ಬೆಚ್ಚದಿರಲೆಂದು ಷಡಕ್ಷರಿ ಬಾಗಿಲನ್ನು ಸದ್ದಾಗದಂತೆ ತೆರೆದ.

“ಬಾ ಚನ್ನಾಜಿ. ನೀನೇ ಮೊದ್ಲು ಕಾಲಿಡು.”

ಹೊಸ್ತಿಲ ಬಳಿ ಅವಳ ಕಾಲು ತಡೆಯಿತು. ಅವಳು ಗಂಡನ ಕೈಗಳನ್ನೇ ನೋಡಿದಳು.

“ಕೈ ತೊಳ್ಕಂಡ್ರಾ?”

ಷಡಕ್ಷರಿಯ ಕಣ್ಣು ತುಂಬಿ ಬಂತು. “ತೊಳ್ಕಂಡಿವ್ನಿ ಕಣ. ಬೇಕಾರೆ ನೋಡು,” ಎಂದು ಅಂಗೈ ಚಾಚಿದ.

ಅವಳು ಆ ಕೈಯನ್ನು ಹಿಡಿದು ಮೂಗಿನ ಬಳಿ ತಂದು ಮೂಸಿದಳು. ಆಮೇಲೆ ಅದನ್ನು ಬಿಡದೆಯೇ ಒಳಗೆ ಕಾಲಿಟ್ಟಳು.