ಶೇಖರನ ವೀಸಾ ಪತ್ರ ಎಲ್ಲಿ?

ಲಕೋಟೆಯೊಳಗಿಂದ ಹೊರಬಿದ್ದದ್ದು ಹಳೆಯ ವರ್ತಮಾನಪತ್ರಿಕೆಯ ಮಡಿಸಿದ ಹಾಳೆ!

ಇಟಲಿ ಕಾನ್ಸುಲೇಟಿನ ಕಿಟಕಿಯಾಚೆಯ ಗುಮಾಸ್ತ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಕಂಪೆನಿಯ ಪತ್ರ ಎಲ್ಲಿ?"

ಶೇಖರ ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದ. ಪಾಸ್‌ಪೋರ್ಟ್ ಇದೆ. ನಾವಿಕನ ಪುಸ್ತಕ ಇದೆ. ಮೂರು ಫೋಟೋ ಇವೆ. 'ಇವನು ಹದಿನೆಂಟು ತಿಂಗಳ ಕರಾರಿನ ಮೇಲೆ ನಮ್ಮ ಹಡಗಿನ ಅಡಿಗೆಯವನು, ನೇಪಲ್ಸಿನಲ್ಲಿ ಇಳಿದು ರೈಲಿನಲ್ಲಿ ಜಿನೋವಾಕ್ಕೆ ಹೋಗಿ ನಮ್ಮ ಹಡಗು ಹತ್ತುತ್ತಾನೆ, ಇಟಲಿಯಲ್ಲಿ ನಿಲ್ಲುವುದಿಲ್ಲ' ಎಂದು ಕಂಪೆನಿ ಬರೆದುಕೊಟ್ಟ ಪತ್ರವೇ ಇಲ್ಲ! ಅದಿಲ್ಲದೆ ಟ್ರಾನ್ಸಿಟ್ ವೀಸಾ ಇಲ್ಲ. ವೀಸಾ ಇಲ್ಲದೆ ನಾಳೆ ಬೆಳಿಗ್ಗೆ ಬಲಾರ್ಡ್ ಪಿಯರ್ ಬಂದರು ಬಿಡುವ ಹಡಗಿನಲ್ಲಿ ಜಾಗ ಇಲ್ಲ. ಹದಿನೆಂಟು ತಿಂಗಳ ನೌಕರಿ ಮಣ್ಣುಪಾಲು!

"ಮಧ್ಯಾಹ್ನ ಎರಡು ಗಂಟೆಯೊಳಗೆ ತಂದರೆ ಇವತ್ತೇ ಮುದ್ರೆ," ಎಂದ ಗುಮಾಸ್ತ. "ಮುಂದಿನವರು!"

ಕಂಪೆನಿಗೆ ಓಡಿದ. ಸಹಿ ಹಾಕುವ ಸಾಹೇಬರು ಪುಣೆಗೆ ಹೋಗಿದ್ದರು. ಶೇಖರ ತಪ್ಪಿದರೆ ಹೋಗಬೇಕಾದ ಎರಡನೆಯವನ ಪತ್ರ ಮಾತ್ರ ಸಹಿಯಾಗಿ ಮೇಜಿನ ಮೇಲಿತ್ತು. ಆ ಎರಡನೆಯವನು ಯಾರು? ಶೇಖರನ ಚಿಕ್ಕಪ್ಪನ ಮಗ ಸದಾನಂದ!

ರಾತ್ರಿ ತಂಗಲೆಂದು ಫೋರ್ಟಿನ ಹೋಟೆಲಿನಲ್ಲಿ ಇಟ್ಟಿದ್ದ ಪ್ರವಾಸದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಲೋಕಲ್ ರೈಲು ಹಿಡಿದು ತಾನಿದ್ದ ವಿಕ್ರೋಳಿಯ ಚಾಳ್ ವಠಾರಕ್ಕೆ ಬಂದಾಗ ಹನ್ನೊಂದೂವರೆ. ಒಂದೇ ಕೋಣೆಯ ಖೋಲಿ. ನೆಲ ಒರೆಸಿ ಫಳಫಳ ಹೊಳೆಯುತ್ತಿತ್ತು. ಹೆಂಡತಿ ಚಂಪಾ ಅಕ್ಕಿ ಆರಿಸುತ್ತ ಕೂತಿದ್ದಳು. ಅವನು ಚಾಪೆ ಕೊಡವಿದ, ದೇವರ ಪಟದ ಹಿಂದೆ ಕೈಯಾಡಿಸಿದ, ಕೊಡದೊಳಗೂ ಇಣುಕಿದ. ತಲೆಬುಡ ತಿಳಿಯಲಿಲ್ಲ.

ಗದ್ದಲಕ್ಕೆ ಪಕ್ಕದ ಖೋಲಿಯ ಶೆಟ್ಟೆಪ್ಪ ಬಂದ. ಧಾರವಾಡದ ಕಡೆಯವನು, ಮುಂಬಯಿ ಪೊಲೀಸಿನ ಜಮಾದಾರಿಕೆಯಿಂದ ನಿವೃತ್ತನಾಗಿ ಎರಡು ವರ್ಷವಾದರೂ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ.

"ಪತ್ರಾ ಕಡೀಗೆ ಯಾವಾಗ ನೋಡಿದಿ?"

"ನಿನ್ನೆ ಸಂಜೆ. ಸದಾನಂದ ಬಂದಿದ್ದ, ಅವನಿಗೆ ಓದಿ ಹೇಳಿದೆ. ಆಮೇಲೆ ಲಕೋಟೆಗೆ ಹಾಕಿ ದೇವರ ಪಟದ ಹಿಂದೆ ಇಟ್ಟೆ."

"ಮುಂಜಾನೆ ಬಿಚ್ಚಿ ನೋಡಲಿಲ್ಲ?"

"ಇಲ್ಲ. ಕೈಗೆ ದಪ್ಪ ಸಿಕ್ಕಿತಲ್ಲ!"

"ದಾರ್ಯಾಗ?"

"ಅಂಗಿಯೊಳಗೇ ಇಟ್ಟುಕೊಂಡಿದ್ದೆ ಮಾರಾಯ್ರೆ! ಗಾಳಿ ಸಹ ತಾಗಿಲ್ಲ."

ಪಾಪ, ವಿಕ್ರೋಳಿಯಿಂದ ಫೋರ್ಟಿನವರೆಗೆ ಅವನು ಎದೆಗವಚಿಕೊಂಡು ಹೋದದ್ದು ರದ್ದಿ ಕಾಗದವನ್ನು!

ಸುದ್ದಿ ಕೇಳಿ ಮೇಲಿನ ಮಾಳಿಗೆಯಿಂದ ಸದಾನಂದ ಇಳಿದು ಬಂದ. ಶೇಖರ ಅವನ ಕೊರಳಪಟ್ಟಿಗೇ ಕೈ ಹಾಕಿದ.

"ನಿನ್ನದೇ ಕೆಲಸ! ನನ್ನ ಜಾಗಕ್ಕೆ ಕಣ್ಣು ಹಾಕಿದ್ದೆಯಲ್ಲ?"

"ಅಣ್ಣ, ದೇವರಾಣೆ ಇಲ್ಲ! ನಾನು ಚಾ ಕುಡಿದು ಹೋಗುವಾಗ ಪತ್ರ ನಿನ್ನ ಕೈಯಲ್ಲೇ ಇತ್ತಲ್ಲ? ಮತ್ತೆ ನಾನು ಈ ಕಡೆ ಬರಲೇ ಇಲ್ಲ!"

ಹೌದು — ಕೈಯಲ್ಲೇ ಇತ್ತು! ಶೇಖರನ ಹಿಡಿತ ಸಡಿಲಿತು. ಹಾಗಾದರೆ ಯಾರು? ಬೆಳಿಗ್ಗೆ ಬುತ್ತಿಗೆ ರೊಟ್ಟಿ ತಂದುಕೊಟ್ಟವಳು ಶೆಟ್ಟೆಪ್ಪನ ಹೆಂಡತಿ ಅಂಬವ್ವ. ಅವಳೇ? ಛೆ, ಛೆ! ಅವಳು ಹೊಸ್ತಿಲೊಳಗೆ ಕಾಲೇ ಇಟ್ಟಿರಲಿಲ್ಲ. ಬೀಗ ಮುರಿದಿಲ್ಲ, ಬೇರೆ ಯಾರೂ ಬಂದಿಲ್ಲ. ಪತ್ರಕ್ಕೇನು ಕಾಲು ಬಂತೇ?

ಶೆಟ್ಟೆಪ್ಪ ಚಂಪಾಳ ಕಡೆ ತಿರುಗಿದ. "ತಂಗೀ, ನೆಲಾ ಯಾವಾಗ ಒರಸಿದಿ?"

"ಇವರು ಹೋದ ಕೂಡಲೇ. ಗುಡಿಸಿ ಒರೆಸಿದೆ. ತುಂಬಾ ಧೂಳಿತ್ತು."

"ಅಯ್ಯೋ, ನೆಲದ ಮಾತು ಈಗ ಯಾಕೆ?" ಎಂದು ಶೇಖರ ರೇಗಿದ. "ಹನ್ನೆರಡು ಹೊಡೆಯಿತು!"

"ನೆಲದಾಗ ಐತಿ ಎಲ್ಲಾ," ಎಂದ ಶೆಟ್ಟೆಪ್ಪ. "ನೀನೂ ನೋಡಿದಿ, ಆದರ ತಿಳೀಲಿಲ್ಲ. ಮನಿಯಾಂವ ದೂರದ ಪ್ರವಾಸಕ್ಕ ಹೊಂಟರ, ಬೆನ್ನಿಗೇ ಯಾರರೆ ಕಸಾ ಹೊಡೀತಾರೇನು? ಹಂಗ ಹೊಡಿಯೂದು ಹೆಣಾ ಹೋದ ಮ್ಯಾಲೆ! ಹೋದ ಸಲ ನೀ ಹಡಗಾ ಹತ್ತಾಕ ಹೋದಾಗ ನಮ್ಮ ಅಂಬವ್ವ ಮರತು ನಿಮ್ಮ ಬಾಗಲಾ ಮುಂದ ಕಸಬರಗಿ ಹಿಡದಿದ್ಲು. ಈ ತಂಗಿ ಓಡಿ ಬಂದು ಅದನ್ನ ಕಸಗೊಂಡ್ಲು. ಮರುದಿನದ ತನಕಾ ಕೊಡಲಿಲ್ಲ! ಅಂಥಾಕಿ ಇವತ್ತ, ಗಂಡ ಹೊಸ್ತಿಲಾ ದಾಟಿದ್ದ ತಡಾ ಇಲ್ಲ, ಗುಡಿಸಿ ಒರಸ್ಯಾಳ. ಯಾಕ?"

ಶೇಖರ ನೆಲದಿಂದ ಹೆಂಡತಿಯ ಕಡೆಗೆ ತಿರುಗಿದ.

"ನೀ ಪ್ರವಾಸಕ್ಕ ಹೋಗಿಲ್ಲ, ಮಧ್ಯಾಹ್ನಕ್ಕ ತಿರುಗಿ ಬರ್ತಿ ಅಂತ ಆಕಿಗೆ ಗೊತ್ತಿತ್ತು. ಲಕೋಟಿ ಒಳಗ ಏನೈತಿ ಅನ್ನೂದು ಗೊತ್ತಿದ್ದವರಿಗೇ ಅದು ಗೊತ್ತಾಗೂದು. ಪತ್ರಾ ತಗದಾಕಿ ನಿನ್ನ ಹೇಣತಿ!"

ಚಂಪಾ ಅಳಲಿಲ್ಲ, ಇಲ್ಲ ಅನ್ನಲಿಲ್ಲ. ಎದ್ದು ಅಕ್ಕಿಡಬ್ಬಿಯೊಳಗೆ ಕೈ ಹಾಕಿ ಪತ್ರ ತೆಗೆದು ಗಂಡನ ಮುಂದಿಟ್ಟಳು. ಒಂದು ಸುಕ್ಕೂ ಬಿದ್ದಿರಲಿಲ್ಲ.

"ಯಾಕೆ ಚಂಪಾ?" ಶೇಖರನಿಗೆ ಸಿಟ್ಟಿಗಿಂತ ಗಲಿಬಿಲಿಯೇ ಹೆಚ್ಚಾಗಿತ್ತು.

"ಕಂಪೆನಿಯವರನ್ನು ಕೇಳಿದಿರಿ. ಡಾಕ್ಟರರನ್ನು ಕೇಳಿದಿರಿ. ಎರಡು ದಿನ ಹಾದು ಹೋಗುವುದಕ್ಕೆ ಇಟಲಿಯವರ ಅಪ್ಪಣೆಗೂ ಸಾಲಲ್ಲಿ ನಿಂತಿರಿ. ನನ್ನ ಹತ್ತಿರ ಒಂದು ಮಾತು ಕೇಳಿದ್ದುಂಟಾ? ಈ ಸಲ ಹದಿನೆಂಟು ತಿಂಗಳು ಅಂತ ನನಗೆ ಗೊತ್ತಾದದ್ದು ನೀವು ಸದಾನಂದನಿಗೆ ಓದಿ ಹೇಳುವಾಗ! ಮದುವೆಯಾಗಿ ಮೂರು ವರ್ಷ ಆಯಿತು. ಮನೆಯಲ್ಲಿ ಇದ್ದದ್ದು ಏಳು ತಿಂಗಳು. ನಾನೂ ಲೆಕ್ಕ ಇಟ್ಟಿದ್ದೇನೆ."

ಈಗ ಹೊರಟರೂ ಎರಡರೊಳಗೆ ಫೋರ್ಟ್ ಸೇರಬಹುದು. ಶೇಖರ ಪತ್ರ ಎತ್ತಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಆಯಿತು, ಈಗ ಕೇಳುತ್ತೇನೆ. ಹೋಗಲಾ?"

ಕೇಳಿದರೆ ಹೂಂ ಅನ್ನುತ್ತಾಳೆ ಎಂದೇ ಅವನು ಕೇಳಿದ್ದು.

"ಬೇಡ," ಎಂದಳು ಚಂಪಾ.

ಶೇಖರ ಶೆಟ್ಟೆಪ್ಪನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಒಂದು ಹಡಗಿನ ನೌಕರಿ ಒಂದು ಮಾತಿಗೆ ಹೋಯಿತಲ್ಲ! ಆದರೆ ಕೇಳಿ ಆಗಿತ್ತು.

"ಸದಾನಂದ, ನಿನ್ನ ಕಾಗದಗಳೆಲ್ಲ ಸಿದ್ಧ ಉಂಟಲ್ಲ? ಓಡು. ಕಂಪೆನಿ ಆಫೀಸಿನಲ್ಲಿ ನಿನ್ನ ಪತ್ರ ಉಂಟು. ಎರಡರೊಳಗೆ ಮುದ್ರೆ ಹಾಕಿಸಿಕೊ."

ಕೊರಳಪಟ್ಟಿ ಸರಿಮಾಡಿಕೊಳ್ಳುತ್ತಿದ್ದ ಸದಾನಂದನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಅಣ್ಣ, ನೀನು...?"

"ಓಡು ಅಂದೆನಲ್ಲ ಮಾರಾಯ!" ಎಂದು ಸಿಡುಕಿ, ಶೇಖರ ಅಂಗಿ ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿದ.