ನೊರೆಯಣ್ಣನ ನೆಲಮಾಳಿಗೆ

ನೊರೆಯಣ್ಣನ ಹೆಣವನ್ನು ನೆಲಮಾಳಿಗೆಯಿಂದ ಮೇಲೆ ತರುವಾಗ ನಾನು ಬಾಗಿಲಲ್ಲೇ ಇದ್ದೆ. ಬೆಳಗಿನ ಹತ್ತು ಗಂಟೆ. ಅಷ್ಟು ಹೊತ್ತಿಗೇ ಬೀರಿನಂಗಡಿಯಲ್ಲಿ ನಿನಗೇನು ಕೆಲಸ ಎಂದು ಕೇಳಬೇಡಿ—ಬೀದಿ ಸುತ್ತಿ, ತಿಂದು, ಕುಡಿದು ಪತ್ರಿಕೆಗೆ ಬರೆಯುವುದೇ ನನ್ನ ಹೊಟ್ಟೆಪಾಡು. ಈ ಇಳಿಜಾರು ಬೀದಿಯಲ್ಲಿ ತಾವೇ ಬೀರು ತಯಾರಿಸುವ ಅಂಗಡಿಗಳು ಐದಿವೆ. ನೊರೆಯಣ್ಣನದೇ ಮೇಲು ಎಂದು ಹಿಂದಿನ ವಾರ ಬರೆದಿದ್ದೆ. ನೊರೆ ಎರಡು ಬೆರಳು ದಪ್ಪ ನಿಲ್ಲದಿದ್ದರೆ ಲೋಟವನ್ನು ಗಿರಾಕಿಗೆ ಕೊಡದೆ ಚೆಲ್ಲಿಬಿಡುತ್ತಿದ್ದ ಮನುಷ್ಯ. ಹೆಸರು ಬಂದದ್ದು ಹಾಗೆ. ಅವನ ಅಂಗಡಿಯ ಅಡುಗೆಯ ಬಗ್ಗೆ ಮಾತ್ರ ಒಂದು ಚುಚ್ಚುಮಾತು ಸೇರಿಸಿದ್ದೆ, ಓದುವವರು ನಗಲಿ ಎಂದು.

"ಉಸಿರುಗಟ್ಟಿ ಸತ್ತಿದ್ದಾರೆ," ಎಂದರು ಡಾಕ್ಟರು. "ಕೆಳಗಿನ ಗಾಳಿ ಕೆಟ್ಟಿತ್ತು."

ಬೀರು ಹುದುಗುವಾಗ ಹೊರಡುವ ಅನಿಲ ಗಾಳಿಗಿಂತ ಭಾರ. ನೆಲಮಾಳಿಗೆಯಲ್ಲಿ ನೆಲದಿಂದ ಮೇಲಕ್ಕೆ ನೀರಿನ ಹಾಗೆ ತುಂಬುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹೊರಗೆಳೆಯುವ ಫ್ಯಾನಿನ ಸ್ವಿಚ್ಚು ಮೆಟ್ಟಿಲ ಬಾಗಿಲ ಹೊರಗಿದೆ. ರಾತ್ರಿ ಫ್ಯಾನು ಆರಿರುತ್ತದೆ. ಬೆಳಗ್ಗೆ ಏಳಕ್ಕೆ ಅದನ್ನು ಹಾಕುವುದು ಮಗಳ ಕೆಲಸ, ಏಳೂವರೆಗೆ ತೊಟ್ಟಿ ತೊಳೆಯಲು ಇಳಿಯುವುದು ಅಪ್ಪನ ಕೆಲಸ. ಇವತ್ತು ಒಂಬತ್ತೂಕಾಲಿಗೆ ಹೆಣ ಸಿಕ್ಕಾಗ ಸ್ವಿಚ್ಚು ಆರಿತ್ತು.

ಮಗಳು ಗಲ್ಲಾಪೆಟ್ಟಿಗೆಯ ಪಕ್ಕ ಕಲ್ಲಿನಂತೆ ಕೂತಿದ್ದಳು. ಇಪ್ಪತ್ತೆರಡರ ಹುಡುಗಿ. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ಇನ್ಸ್‌ಪೆಕ್ಟರ್ ಪಿಸುಗುಟ್ಟಿದ, "ಅಜಾಗರೂಕತೆಯಿಂದ ಸಾವು ಅಂತ ಈ ಹುಡುಗಿ ಮೇಲೇ ಕೇಸು ಹಾಕ್ಬೇಕಾಗತ್ತೆ, ಮೇಡಂ."

ಮೇಡಂ ಎಂದರೆ ನನ್ನ ಅಕ್ಕ. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತಳಾದವಳು, ಈ ಇನ್ಸ್‌ಪೆಕ್ಟರ್ ಅವಳ ಕೈಕೆಳಗೇ ಪಳಗಿದವನು. ಅಕ್ಕ ಬೀರು ಮುಟ್ಟುವುದಿಲ್ಲ. ನನ್ನ ತಟ್ಟೆಗೆ ಕೈ ಹಾಕುವುದಕ್ಕೆಂದೇ ಜೊತೆಗೆ ಬರುತ್ತಾಳೆ.

"ಒಂದು ದಿನ ತಡಿಯಪ್ಪ," ಎಂದು ಹೇಳಿ ಅವಳು ಹುಡುಗಿಯ ಪಕ್ಕ ಕೂತಳು. "ಫ್ಯಾನ್ ಹಾಕಿದ್ಯಾ, ಮಗಳೇ?"

"ಹಾಕ್ದೆ ಅನ್ಸತ್ತೆ."

"ಅನ್ಸತ್ತಾ?"

"ದಿನಾ ಒತ್ತೋ ಸ್ವಿಚ್ಚು, ಮೇಡಂ! ಕಣ್ಣು ಮುಚ್ಚಿದ್ರೆ ಒತ್ತಿದ್ದು ಕಾಣ್ಸತ್ತೆ. ಆದ್ರೆ ಅದು ಇವತ್ತಿಂದೋ ನಿನ್ನೇದೋ—ಹೇಗೆ ಹೇಳ್ಲಿ? ಮರೆತಿರ್ತೀನಿ. ನಾನೇ ಅಪ್ಪನ್ನ ಕೊಂದೆ."

ಕಾಲಡಿಯ ಹಲಗೆಗಳ ಕೆಳಗೆ ತೊಟ್ಟಿಗಳು ಗುಳುಗುಳು ಎನ್ನುತ್ತಲೇ ಇದ್ದವು. ಯಜಮಾನ ಸತ್ತರೂ ಬೀರು ತನ್ನ ಪಾಡಿಗೆ ತಾನು ಹುದುಗುತ್ತಿತ್ತು.

ಹೆಣವನ್ನು ಮೊದಲು ನೋಡಿದವನು ಬಾಣಸಿಗ. ಅವನ ಪ್ಯಾಂಟಿನ ಮಂಡಿಗಳು ಇನ್ನೂ ಒದ್ದೆಯಾಗಿದ್ದವು.

"ಒಂಬತ್ತಕ್ಕೆ ಬಂದೆ, ಮೇಡಂ. ನೆಲಮಾಳಿಗೆ ಬಾಗಿಲು ಮುಚ್ಚಿತ್ತು. ಫ್ಯಾನ್ ಆರಿತ್ತು. ಬಾಗಿಲು ತೆಗೆದು ನೋಡಿದ್ರೆ—ಅಣ್ಣ ಕೆಳಗೆ ಬಿದ್ದಿದಾರೆ!"

"ಆಮೇಲೆ?"

"ಓಡಿ ಇಳಿದೆ. ತಲೆ ತೊಡೆ ಮೇಲಿಟ್ಕೊಂಡು ಕೂಗ್ದೆ. ಕೆನ್ನೆ ತಟ್ಟಿದೆ. ಐದು ನಿಮಿಷ ಹಾಗೇ ಕೂತಿದ್ದೆ, ಕಾಲೇ ಬರ್ಲಿಲ್ಲ. ಆಮೇಲೆ ಮೇಲೆ ಬಂದು ಎಲ್ರನ್ನೂ ಕರೆದೆ."

"ಫ್ಯಾನ್ ಮುಟ್ಟಿದ್ರಾ?"

"ಇಲ್ಲ. ಆ ಹೊತ್ತಲ್ಲಿ ಫ್ಯಾನ್ ಯಾರಿಗೆ ನೆನಪಿರತ್ತೆ?"

ಸುತ್ತ ನಿಂತವರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಅದೇ ಜನ ಹುಡುಗಿಯ ಸೋದರಮಾವನನ್ನು ಮಾತ್ರ ತಿಂದುಹಾಕುವ ಹಾಗೆ ನೋಡುತ್ತಿದ್ದರು. ಎದುರಿನ ಬೀರಿನಂಗಡಿ ಅವನದು. ಭಾವನಿಗೂ ಅವನಿಗೂ ಆರು ವರ್ಷದಿಂದ ಮಾತಿಲ್ಲ. ಕೂಗು ಕೇಳಿ ಓಡಿಬಂದವನು ಕೆಳಗಿಳಿಯಲೇ ಇಲ್ಲವಂತೆ. ಫ್ಯಾನು ಹಾಕಿ, ಬಾಗಿಲಿಗೆ ಅಡ್ಡ ನಿಂತು, ಯಾರನ್ನೂ ಇಳಿಯಲು ಬಿಡದೆ ಅರ್ಧ ಗಂಟೆ ಕಾದನಂತೆ!

"ನಿಮ್ಮ ಭಾವ ಕೆಳಗೆ ಬಿದ್ದಿದ್ರು. ನೀವು ಗಡಿಯಾರ ನೋಡ್ತಾ ನಿಂತಿದ್ರಾ?" ಅಕ್ಕನ ದನಿ ಗಡುಸಾಗಿತ್ತು.

"ಹೌದು." ಅವನು ತಲೆ ಎತ್ತಲಿಲ್ಲ. "ಮೊದಲು ದಾರಕ್ಕೆ ಕಟ್ಟಿದ ಮೋಂಬತ್ತಿ ಇಳಿಸ್ತೀವಿ. ಉರೀತಿದ್ರೆ ಮಾತ್ರ ಕಾಲಿಡೋದು. ಭಾವನಿಗೆ ಅದನ್ನ ಕಲಿಸಿದ್ದೇ ನಮ್ಮಪ್ಪ. ಒಂದು ದಿನಾನೂ ತಪ್ಪಿಸ್ದೋರಲ್ಲ. ಮೋಂಬತ್ತಿ ಹುಡುಕೋ ಹೊತ್ತಿಗೆ ಹತ್ತು ಜನ ಒಳಗೆ ನುಗ್ತಿದ್ರು, ಅದಕ್ಕೇ ಅಡ್ಡ ನಿಂತೆ."

ಅಕ್ಕ ಮೆಲ್ಲಗೆ ಬಾಣಸಿಗನ ಕಡೆ ತಿರುಗಿ ನೋಡಿದಳು. ಆ ಸಂಜೆ ನಾನು ಕರಿದ ಮೀನು ಮುಂದಿಟ್ಟರೂ ಅವಳು ಕೈ ಹಾಕಲಿಲ್ಲ. ನನಗೆ ಹೆದರಿಕೆಯಾಯಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ನೆಲಮಾಳಿಗೆಯ ಬಾಗಿಲ ಮುಂದೆ ನಾವೆಲ್ಲ ಸೇರಿದೆವು—ಹುಡುಗಿ, ಮಾವ, ಬಾಣಸಿಗ, ಇನ್ಸ್‌ಪೆಕ್ಟರ್, ನಾನು. ಅಕ್ಕ ಚಿಲಕ ತೆಗೆದಳು. ಹನ್ನೆರಡು ಮೆಟ್ಟಿಲು, ಕೆಳಗೆ ಒದ್ದೆ ನೆಲ, ಒಂದು ಮಂಕು ಬಲ್ಬು.

"ನಿನ್ನೆ ಸಂಜೆಯಿಂದ ಫ್ಯಾನ್ ಆರ್ಸಿ ಬಾಗಿಲು ಹಾಕ್ಸಿದೀನಿ," ಎಂದು ಬಾಣಸಿಗನಿಗೆ ಹೇಳಿದಳು. "ನಿನ್ನೆ ಹೇಗೆ ಇಳಿದ್ರೋ ಹಾಗೇ ಇಳೀರಿ. ಐದು ನಿಮಿಷ ಕೂತಿದ್ದು ಬನ್ನಿ."

"ಈಗ್ಯಾಕೆ, ಮೇಡಂ?"

"ನಿನ್ನೆ ಇಳಿದ್ರಲ್ಲ?"

ಅವನು ಒಂದು ಮೆಟ್ಟಿಲು ಇಳಿದ. ಎರಡು. ಅಕ್ಕ ಅವನ ಪಕ್ಕದಿಂದ ಮೋಂಬತ್ತಿಯನ್ನು ಕೆಳಗೆ ಬಿಟ್ಟಳು. ದಾರ ಇಳಿಯಿತು. ಏಳನೇ ಮೆಟ್ಟಿಲ ಹತ್ತಿರ ಜ್ವಾಲೆ ಸಣ್ಣಗಾಯಿತು. ಎಂಟನೆಯದರಲ್ಲಿ ಆರಿಹೋಯಿತು.

ಬಾಣಸಿಗನ ಕಾಲು ಮೂರನೇ ಮೆಟ್ಟಿಲಿಗೆ ಹೋಗಲಿಲ್ಲ.

"ಇಳೀರಿ," ಎಂದಳು ಅಕ್ಕ.

"ಆಗಲ್ಲ—ಸತ್ತುಹೋಗ್ತೀನಿ!"

"ನಿನ್ನೆ ಯಾಕೆ ಸಾಯ್ಲಿಲ್ಲ?"

ಅವನು ಗೋಡೆಗೆ ಒರಗಿದ.

"ನಿಮ್ಮ ಕಣ್ಣೀರು ನೋಡಿ ಎಲ್ರೂ ಕರಗಿದ್ರು. ಒಂದು ಪ್ರಶ್ನೆ ಮಾತ್ರ ಯಾರೂ ಕೇಳ್ಲಿಲ್ಲ," ಎಂದಳು ಅಕ್ಕ. "ಬಾಗಿಲು ಮುಚ್ಚಿ, ಫ್ಯಾನ್ ಆರಿ, ಒಬ್ಬ ಮನುಷ್ಯ ಸತ್ತ ಜಾಗ. ಅಲ್ಲಿ ನೆಲದ ಮೇಲೆ ಐದು ನಿಮಿಷ ಕೂತೋರು ಎದ್ದು ಬಂದದ್ದು ಹೇಗೆ? ಎರಡನೇ ಹೆಣ ಬೀಳ್ಬೇಕಿತ್ತು. ನೀವು ಇಳಿಯೋ ಮುಂಚೆ ಫ್ಯಾನ್ ಓಡಿ ಗಾಳಿ ಸರಿಯಾಗಿತ್ತು. ಮೇಲೆ ಬಂದು ಮತ್ತೆ ಆರ್ಸಿದ್ರಿ, ತಪ್ಪು ಹುಡುಗಿ ತಲೆ ಮೇಲೆ ಬರ್ಲಿ ಅಂತ. ದಿನಾ ಮೋಂಬತ್ತಿ ಇಳಿಸಿ ನೋಡೋ ಮನುಷ್ಯ ಕೆಟ್ಟ ಗಾಳಿಗೆ ತಾನಾಗಿ ಇಳೀತಿದ್ರಾ? ಅಪಾಯ ಗೊತ್ತಿದ್ದೋರು ಮೇಲೆ ನಿಂತು ಕಾದ್ರು, ಅವರಿಗೆ ಶಾಪ. ನಿಮಗೆ ಕರುಣೆ. ಕೊಂದೋರು ನೀವು."

ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದ. ಆಗ ಬಾಣಸಿಗ ನನ್ನ ಕಡೆ ನೋಡಿದ, ಅಕ್ಕನ ಕಡೆಯಲ್ಲ.

"'ಬೀರಿಗೆ ಇಲ್ಲಿ ಬನ್ನಿ, ಊಟಕ್ಕೆ ಎದುರಂಗಡಿಗೆ ಹೋಗಿ.' ನೀವೇ ಬರೆದದ್ದಲ್ವಾ ಸ್ವಾಮಿ? ಹನ್ನೊಂದು ವರ್ಷ ಆ ಒಲೆ ಮುಂದೆ ಬೆಂದಿದೀನಿ. ಅಣ್ಣ ಆ ಒಂದು ಸಾಲು ಓದಿ, ಇನ್ಮೇಲೆ ಅಡುಗೆ ಮಗಳು ನೋಡ್ಕೋತಾಳೆ, ನೀನು ಹೊರಡು ಅಂದ್ರು. ಹಾಗಂತ ಕಾಗದಾನೂ ಬರೆದು ಜೇಬಲ್ಲಿ ಇಟ್ಕೊಂಡಿದ್ರು. ಅದನ್ನ ತೆಗಿಯೋಕೇ ಇಳಿದದ್ದು. ಮಂಡಿ ಒದ್ದೆಯಾಯ್ತು, ಹುಡುಗಿ ನೋಡಿಬಿಟ್ಳು. ಅದಕ್ಕೇ ಅಷ್ಟೆಲ್ಲ ಕಥೆ ಕಟ್ಟಿದೆ."

ನಗಿಸಲು ಬರೆದ ಸಾಲು. ಕೊಂದವನು ಅವನೇ, ನಾನಲ್ಲ. ಅದು ನನಗೂ ಗೊತ್ತು. ಆದರೂ ಆ ದಿನ ನಾಚಿಕೆಯಿಂದ ಭೂಮಿಗಿಳಿದುಹೋದೆ.

ಅವನನ್ನು ಎಳೆದೊಯ್ಯುವಾಗ ಹುಡುಗಿ ಅಡ್ಡ ಬಂದು ನಿಂತಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆವು. ಅವಳು ಕೇಳಿದ್ದು ಒಂದೇ.

"ಅಪ್ಪ ಇಳಿದಾಗ ಫ್ಯಾನ್ ಓಡ್ತಿತ್ತಾ?"

ಅವನು ತಲೆ ತಗ್ಗಿಸಿದ. "ಓಡ್ತಿತ್ತು. ಅಣ್ಣ ತೊಟ್ಟಿಯೊಳಗೆ ಬಗ್ಗಿ ಉಜ್ತಿದ್ರು. ನಾನೇ ಆರ್ಸಿ ಚಿಲಕ ಹಾಕಿದೆ."

ಹುಡುಗಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಮಾವ ಓಡಿಬಂದು ಪಕ್ಕದಲ್ಲಿ ಕೂತು ಅವಳ ತಲೆಯನ್ನು ಎದೆಗೊತ್ತಿಕೊಂಡ. ಎರಡು ದಿನದಲ್ಲಿ ಮೊದಲ ಸಲ ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಅಪ್ಪನಿಗೋಸ್ಕರ ಅಳೋ ಹಕ್ಕೇ ನಂಗಿಲ್ಲ ಅಂದ್ಕೊಂಡಿದ್ದೆ, ಮಾವ," ಎಂದಳು.